ಖಾಲಿ ಮನೆಯ ಮತ

ನದಿಯ ಮಂಜು ಆ ಬೆಳಗ್ಗೆ ಮೆಟ್ಟಿಲಿಳಿದು ಚರ್ಚಿನ ನೆಲಮಾಳಿಗೆಯೊಳಗೂ ಬಂದಿತ್ತು. ಅಯೋವಾದ ಆ ಪುಟ್ಟ ಊರಿನವರು ಮತ ಹಾಕುವುದು ಅಲ್ಲಿಯೇ. ಕಾಫಿ ಲೋಟ ಹಿಡಿದು ಸಾಲಿನಲ್ಲಿ ನಿಂತಿದ್ದ ಕಾರಿನ್, ಮುಂದಿದ್ದ ಹೆಂಗಸಿನ ಬೆನ್ನು ನೋಡಿ ಬೆಚ್ಚಿದಳು. ಕಾಲರಿಗೆ ನರಿಯ ತುಪ್ಪಳ ಹೊಲಿದಿದ್ದ ಆ ಹಸಿರು ಕೋಟು ಎಡ್ನಾ ವೋಗಲ್‌ಳದು. ಎಡ್ನಾ ಸತ್ತು ಮೂರು ವರ್ಷವಾಗಿತ್ತು.

ಎಡ್ನಾಳ ಮನೆ ಕಾರಿನ್ ಮನೆಯ ಎದುರಿಗೇ ಇತ್ತು. ಮುಂಬಾಗಿಲಿಗೆ ಬೀಗ. ಆದರೂ ಎರಡು ಚಳಿಗಾಲಗಳಿಂದ ಒಳಗೆ ಮಂದ ಬೆಳಕು ಅಲ್ಲಾಡುತ್ತಿತ್ತು, ಹಿಮದ ಮೇಲೆ ಹೆಜ್ಜೆಗಳು ಮೂಡುತ್ತಿದ್ದವು. ಕಾರಿನ್ ಒಮ್ಮೆಯೂ ಹೋಗಿ ನೋಡಲಿಲ್ಲ. "ಎಡ್ನಾ ಇನ್ನೂ ಮನೆ ಬಿಟ್ಟಿಲ್ಲ" ಎಂದು ಊರನ್ನೆಲ್ಲ ನಗಿಸಿದ್ದಳು. ಒಬ್ಬಳೇ ಇದ್ದಾಗ ಆ ಮಾತಿಗೆ ತಾನೇ ನಡುಗಿದ್ದಳು.

"ಪಟ್ಟೀಲಿ ಹೆಸರಿಲ್ವಲ್ಲಮ್ಮ," ಎಂದ ಮೇಜಿನ ಹಿಂದೆ ಕೂತಿದ್ದ ಮತಗಟ್ಟೆಯ ಡೆಲ್ಬರ್ಟ್, ಆ ಹೆಂಗಸಿಗೆ. "ಪರ್ವಾಗಿಲ್ಲ, ಇವತ್ತೇ ಸೇರಿಸ್ಬಹುದು. ಆದ್ರೆ ಡ್ರೈವಿಂಗ್ ಲೈಸೆನ್ಸಲ್ಲಿ ಬೇರೆ ಊರಿದೆ. ಇಲ್ಲಿರೋದಕ್ಕೆ ಪುರಾವೆ, ಕರೆಂಟ್ ಬಿಲ್ಲು, ಏನಾದ್ರೂ ಇದ್ಯಾ?"

"ಕರೆಂಟೇ ಇಲ್ಲ. ವೋಗಲ್ ಮನೇಲಿ ಒಂದು ರೂಮಲ್ಲಿದೀನಿ. ಎಡ್ನಾ ಅವರ ಮಗ ಬಾಡಿಗೆ ತಗೋತಾನೆ, ಚೀಟಿ ಕೊಡಲ್ಲ. ಯಾರ ಕಣ್ಣಿಗೂ ಬೀಳ್ಬೇಡ ಅಂದಿದಾನೆ. ಈ ಕೋಟೂ ಅಲ್ಲೇ ಅಲಮಾರೀಲಿತ್ತು."

"ಹಾಗಾದ್ರೆ ತಾತ್ಕಾಲಿಕ ಮತ ಹಾಕಿ. ಲಕೋಟೇಲಿ ಮುಚ್ಚಿ ಪಕ್ಕಕ್ಕಿಡ್ತೀವಿ. ಸೋಮವಾರದೊಳಗೆ ಪುರಾವೆ ತಂದ್ರೆ ಎಣಿಸ್ತೀವಿ."

"ಇವತ್ತಿಲ್ಲದ ಕಾಗದ ಸೋಮವಾರ ಎಲ್ಲಿಂದ ಹುಟ್ಟತ್ತೆ?"

"ಬಂದೋರನ್ನೆಲ್ಲ ಹಾಗೇ ನಂಬೋಕಾಗತ್ತಾ, ನೀವೇ ಹೇಳಿ. ಈ ಕೇರಿಯ ಮತದಾರರು ಒಬ್ರು, ಇವ್ರು ಇಲ್ಲೇ ಇರೋದು ನಿಜ ಅಂತ ಪ್ರಮಾಣ ಮಾಡಿದ್ರೂ ಸಾಕು."

"ಆ ಮನೇಲಿರೋದು ದೆವ್ವ ಕಣಯ್ಯ! ಕಾರಿನ್ನ ಕೇಳು," ಎಂದು ಹಿಂದಿನಿಂದ ಯಾರೋ ಕೂಗಿದರು. ಸಾಲಿಗೆ ಸಾಲೇ ನಕ್ಕಿತು.

ಹೆಂಗಸು ತಿರುಗಿದಳು. ರಕ್ತವಿಲ್ಲದ ಮುಖ, ಒಡೆದ ತುಟಿ. ಕಾರಿನ್‌ಳನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ಹೋದ ಜನವರೀಲಿ ಜ್ವರ ಬಂದು ಏಳೋಕಾಗ್ದೆ ಕಿಟಕಿ ಗಾಜು ತಟ್ಟಿದ್ದೆ. ನೀವು ಅಂಗಳದಲ್ಲೇ ಇದ್ರಿ. ಕೇಳಿಸ್ಲಿಲ್ವಾ?"

ಕೇಳಿಸಿತ್ತು. ನಿಂತು ನಿಂತು ಬರುತ್ತಿದ್ದ ಆ ಸದ್ದು ಸಂಜೆಯವರೆಗೂ ಕೇಳಿಸಿತ್ತು. ಕಾರಿನ್ ಓಡಿಹೋಗಿ ಚಿಲಕ ಹಾಕಿಕೊಂಡಿದ್ದಳು. ಮರುದಿನ ಅದನ್ನೂ ಕಥೆ ಮಾಡಿ ಹೇಳಿದ್ದಳು.

ಅವಳು ಸಾಲು ಬಿಟ್ಟು ಮೇಜಿನ ಬಳಿ ಬಂದಳು. ಬಲಗೈ ಎತ್ತಿದಳು.

"ನಾನು ಪ್ರಮಾಣ ಮಾಡ್ತೀನಿ. ಇವ್ರು ಎರಡು ವರ್ಷದಿಂದ ನನ್ನೆದುರು ಮನೇಲೇ ಇದಾರೆ. ಒಳಗಿನ ಬೆಳಕು ನೋಡಿದೀನಿ, ಹೆಜ್ಜೆ ನೋಡಿದೀನಿ."

ಡೆಲ್ಬರ್ಟ್ ಅರ್ಜಿಯನ್ನು ಅವಳತ್ತ ಸರಿಸಿದ. "ಸರಿ, ಇಲ್ಲಿ ಅವರ ಹೆಸರು ಬರೀರಿ."

ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ಡೆಲ್ಬರ್ಟ್ ಲೈಸೆನ್ಸನ್ನು ಮುಂದಕ್ಕೆ ಚಾಚಿದ. ಕಾರಿನ್ ಅದನ್ನು ತೆಗೆದುಕೊಳ್ಳಲಿಲ್ಲ. ತಲೆಯೆತ್ತಿ ಆ ಮುಖವನ್ನೇ ನೋಡಿದಳು.

"ನಿಮ್ಮ ಹೆಸರೇನಮ್ಮ?"

"ಥೆಲ್ಮಾ. ಥೆಲ್ಮಾ ಪ್ರೂಯಿಟ್."

ಥೆಲ್ಮಾ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಕಾರಿನ್ ಬರೆದುಕೊಂಡಳು. ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.