ಬಾಯಾರಿನ ಲೆಕ್ಕ ತಾಳೆಯಾದ ಬಗೆ

ಕಂಪ್ಯೂಟರಿಗೂ ಗುಡ್ಡದ ಮಳೆಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಭೂಪಟವನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಇಷ್ಟು ಮಳೆ ಬಿತ್ತೆಂದು ಅದು ಅಂದಾಜು ಹೇಳುತ್ತದೆ. ಗುಡ್ಡದೂರಾದ ಬಾಯಾರಿನ ಚೌಕ ಬಂದಾಗ ಮಾತ್ರ ಯಾವಾಗಲೂ ಜಿಪುಣತನ. ಊರೂರಿನ ಮಳೆಮಾಪಕಗಳ ಲೆಕ್ಕದೊಂದಿಗೆ ಆ ಅಂದಾಜನ್ನು ತಾಳೆ ನೋಡಿ, ಕಡಿಮೆ ಹೇಳಿದಲ್ಲಿ ಏರಿಸಿ ತಿದ್ದುವುದು ವಿಪತ್ತು ನಿರ್ವಹಣಾ ಆಫೀಸಿನಲ್ಲಿ ದೀಪಶ್ರೀಯ ಕೆಲಸ. ಮಳೆಗಾಲದಲ್ಲಿ ಯಾರನ್ನು ಮನೆ ಬಿಡಿಸಿ ಪರಿಹಾರ ಕ್ಯಾಂಪಿಗೆ ಕಳಿಸಬೇಕೆಂಬುದು ಆ ತಿದ್ದಿದ ನಕ್ಷೆ ನೋಡಿಯೇ ತೀರ್ಮಾನವಾಗುತ್ತಿತ್ತು.

ಬಾಯಾರಿನಲ್ಲಿ ಮಳೆ ಅಳೆಯುತ್ತಿದ್ದವರು ನಿವೃತ್ತ ಅಧ್ಯಾಪಕ ಸೆವರಿನ್ ಮಾಸ್ಟ್ರು. ಎರಡು ಲೆಕ್ಕಗಳ ನಡುವೆ ಅಂತರ ಹೆಚ್ಚಾದರೆ ಅಳೆದವರಿಗೆ ಫೋನು ಮಾಡಿ ಕೇಳಬೇಕೆಂಬುದು ಆಫೀಸಿನ ನಿಯಮ. ದೀಪಶ್ರೀ ನಿಯಮ ತಪ್ಪುವವಳಲ್ಲ. "ಮಾಸ್ಟ್ರೇ, ಸರಿಯಾಗಿ ನೋಡಿದ್ದೀರಾ?" ಎಂದು ಒಂದು ಮಳೆಗಾಲವಿಡೀ ಕೇಳಿದಳು. ಮರುವರ್ಷ ಅಂತರವೇ ಇಲ್ಲವಾಯಿತು. ಕಂಪ್ಯೂಟರು ಸುಧಾರಿಸಿತೆಂದು ಮೇಲಧಿಕಾರಿ ಶರತ್ಚಂದ್ರ ಹಿಗ್ಗಿದರು. ಇನ್ನು ಏರಿಸುವ ಅಗತ್ಯವಿಲ್ಲವೆಂದು ಬಾಯಾರಿಗಿದ್ದ ತಿದ್ದುಪಡಿಯನ್ನು ಅವಳು ಸಂತೋಷದಿಂದಲೇ ತೆಗೆದುಹಾಕಿದಳು.

ಈ ವರ್ಷ ಆಟಿ ತಿಂಗಳ ಮಳೆಗೆ ಬಾಯಾರಿನ ರಿಕ್ಷಾ ಡ್ರೈವರ್ ವಾಸಪ್ಪನ ಮನೆ ಹಿಂದೆ ಗುಡ್ಡ ಕಡಿದ ಮಣ್ಣಿನ ಬರೆ ಜರಿಯಿತು. ವಾಸಪ್ಪ ಅದರಡಿಯಲ್ಲಿ ಸಿಕ್ಕಿ ಸತ್ತ. ಆ ದಿನದ ನಕ್ಷೆಯಲ್ಲಿ ಅಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ, ಹಾಗಾಗಿ ಕ್ಯಾಂಪಿಗೆ ಹೋಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಾಸ್ಟ್ರ ಲೆಕ್ಕವೂ ನಕ್ಷೆಯ ಹಾಗೇ ಇತ್ತು. ದೀಪಶ್ರೀಗೆ ಅನ್ನ ಸೇರಲಿಲ್ಲ. ಉಪ್ಪಳ ಪೇಟೆಯಲ್ಲಿ ಬಾಯಾರಿನ ಬಸ್ಸು ಹಿಡಿದಳು.

ಮಳೆಮಾಪಕ ಕೆಟ್ಟಿರಬೇಕು, ಇಲ್ಲವೇ ಮಾಸ್ಟ್ರ ಕಣ್ಣು ಎಂದುಕೊಂಡು ಹೋದವಳಿಗೆ ಎರಡೂ ನೆಟ್ಟಗಿರುವುದು ಕಂಡು ಹೆದರಿಕೆಯಾಯಿತು.

"ಆ ದಿನ ಎಷ್ಟು ಬಂದಿತ್ತು ಮಾಸ್ಟ್ರೇ?"

"ತುಂಬಿ ಹೊರಗೆ ಚೆಲ್ಲಿತ್ತು ಮೇಡಂ."

"ಮತ್ತೆ ಕಡಿಮೆ ಕಳಿಸಿದ್ದು ಯಾಕೆ?"

ಮಾಸ್ಟ್ರು ಸಂಕೋಚದಿಂದ ನಕ್ಕರು. "ನಂದು ಯಾವಾಗ್ಲೂ ಹೆಚ್ಚು ಬರ್ತಿತ್ತಲ್ಲ, ನೀವು ಪಾಪ ಫೋನು ಮಾಡಿ ಮಾಡಿ ಕೇಳ್ತಿದ್ರಿ. ಮಕ್ಕಳಿಗೆ ಲೆಕ್ಕ ಕಲಿಸಿದವ ನಾನು, ಮರ್ಯಾದೆ ಪ್ರಶ್ನೆ ಅಲ್ವಾ? ಅಷ್ಟು ದೊಡ್ಡ ಮಿಷನು ತಪ್ಪುದುಂಟಾ ಅಂತ, ಮೊಬೈಲಲ್ಲಿ ನಿಮ್ಮ ಲೆಕ್ಕ ನೋಡಿ ಅದನ್ನೇ ಕಳಿಸ್ಲಿಕ್ಕೆ ಶುರು ಮಾಡಿದೆ. ಆಮೇಲೆ ನೀವು ಫೋನೇ ಮಾಡ್ಲಿಲ್ಲ."

ದೀಪಶ್ರೀಗೆ ಈಗ ಹೊಳೆಯಿತು. ಕಂಪ್ಯೂಟರಿನ ಅಂದಾಜೇ ಮಾಸ್ಟ್ರ ಕೈಯಿಂದ ತಿರುಗಿ ಬಂದು ಕಂಪ್ಯೂಟರಿಗೆ ಸಾಕ್ಷಿ ಹೇಳಿತ್ತು. ಬಾಯಾರಿನಲ್ಲಿದ್ದ ಒಂದೇ ಒಂದು ಸರಿಯಾದ ಲೆಕ್ಕವನ್ನು ಕೇಳಿ ಕೇಳಿ ಕೆಡಿಸಿದವಳು ಅವಳೇ.

"ನಾಳೆಯಿಂದ ಬಿದ್ದಷ್ಟನ್ನೇ ಕಳಿಸಿ ಮಾಸ್ಟ್ರೇ. ತಪ್ಪು ಮಿಷನಿಂದು, ನಿಮ್ದಲ್ಲ."

ಮಾಸ್ಟ್ರ ನಗು ಮಾಯವಾಯಿತು. ಗದ್ದೆಯಾಚೆ ವಾಸಪ್ಪನ ಮನೆಯಿದ್ದ ಕಡೆ ನೋಡಿದರು. "ಹಾಗಾದ್ರೆ ನಾನು ಇದ್ದದ್ದು ಇದ್ದ ಹಾಗೆ ಕಳಿಸಿದ್ರೆ... ಅವ ಉಳೀತಿದ್ನಾ?"

ತಿದ್ದುಪಡಿ ಇದ್ದಿದ್ದರೆ ಬರೆ ಜರಿಯುವ ಮೊದಲೇ ಆ ಚೌಕ ಅಪಾಯದ ಕೆಂಪು ಬಣ್ಣಕ್ಕೆ ತಿರುಗುತ್ತಿತ್ತು, ಜೀಪು ಬಂದು ವಾಸಪ್ಪನನ್ನು ಕರೆದೊಯ್ಯುತ್ತಿತ್ತು. ದೀಪಶ್ರೀಗೆ ಅದು ಚೆನ್ನಾಗಿ ಗೊತ್ತಿತ್ತು.

"ಇಲ್ಲ ಮಾಸ್ಟ್ರೇ," ಎಂದಳು.

"ಮಕ್ಕಳು ಸುಳ್ಳು ಹೇಳುವಾಗ ಹೀಗೇ ನೆಲ ನೋಡ್ತಾರೆ ಮೇಡಂ." ಅವರು ಗೋಡೆ ಹಿಡಿದು ನಿಧಾನವಾಗಿ ಎದ್ದರು. "ಅವನ ಹೆಂಡತಿಗೆ ನಾನೇ ಹೇಳ್ತೇನೆ. ಲೆಕ್ಕ ಕಳಿಸಿದವ ನಾನಲ್ವಾ. ನೀವು ಬರ್ಬೇಡಿ."

ಹನಿಯುವ ಮಳೆಯಲ್ಲಿ ಮಾಸ್ಟ್ರು ಅಂಗಳ ದಾಟಿದರು. ನಿಲ್ಲಿ, ನಾನೂ ಬರ್ತೇನೆ, ತಪ್ಪು ನನ್ನದು ಎಂದು ಕೂಗಬೇಕೆನಿಸಿತು ದೀಪಶ್ರೀಗೆ. ಅವರು ಗದ್ದೆಗಿಳಿಯುವವರೆಗೂ ಅವಳು ಜಗಲಿಯಿಂದ ಇಳಿಯಲೇ ಇಲ್ಲ.