ಹತ್ತರ ಸ್ಪ್ಯಾನರ್

ಆ ಕೆಂಪು ದೀಪ ಈಗ ಮಿಣುಕುತ್ತಿಲ್ಲ, ಸ್ಟೇರಿಂಗಿನ ಹಿಂದೆ ಬ್ಯಾಟರಿಯ ಚಿತ್ರವಿರುವ ಪುಟ್ಟ ದೀಪ, ಐದು ನಿಮಿಷದ ಹಿಂದೆ ಅಳುವ ಮುಂಚೆ ಮಗುವಿನ ತುಟಿ ನಡುಗುವ ಹಾಗೆ ನಡುಗುತ್ತಿತ್ತು, ಈಗ ನೆಟ್ಟ ಕಣ್ಣಿನ ಹಾಗೆ ನಿಂತುಬಿಟ್ಟಿದೆ, ಮತ್ತು ಮುದುಕನ ಅಂಗಿ ಜೇಬಿನಲ್ಲಿ ಹತ್ತರ ಸ್ಪ್ಯಾನರ್ ಎದೆಗೆ ಒತ್ತುತ್ತಿದೆ, ಅದನ್ನು ಜೇಬಿಗೆ ಹಾಕಿದ್ದು ಕೈ, ತಾನಲ್ಲ, ಬ್ಯಾಟರಿಗೆ ವೈರು ಕೂಡುವ ಟರ್ಮಿನಲ್ ಕಿತ್ತದ್ದೂ ಕೈಯೇ — ಐವತ್ತು ವರ್ಷ ದುಡಿದ ಕೈ ತಲೆಯನ್ನು ಕೇಳಿಕೊಂಡು ಹೋಗುತ್ತದೆಯೇ, ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಹೋಗಿರಬೇಕು ಅಂತ ಬೆಳಗ್ಗೆ ತಾನೇ ಅಂದಿದ್ದ, ಹೊಸದು ತರಲು ಮಗಳು ಬಿಡಿಭಾಗದ ಅಂಗಡಿಗೆ ಹೋಗಿದ್ದಳು, ವೋಲ್ಟ್ ಅಳೆಯುವ ಮೀಟರಿನ ಅಂಕಿ ಕಾಣಲು ಕನ್ನಡಕ ಬೇಕು, ಕನ್ನಡಕ ಮನೆಯಲ್ಲಿ, ಅಷ್ಟರಲ್ಲಿ ಕೈ ಹತ್ತರ ಸ್ಪ್ಯಾನರನ್ನು ಹುಡುಕಿಕೊಂಡಿತ್ತು. ಓಡೋ ಎಂಜಿನ್ನಲ್ಲೇ ಟರ್ಮಿನಲ್ ಕಿತ್ತು ನೋಡು, ನಿಂತ್ರೆ ಚಾರ್ಜಿಂಗ್ ಸತ್ತಿದೆ, ನಿಲ್ದಿದ್ರೆ ಬದುಕಿದೆ, ಇಷ್ಟೇ ಕಣೋ ವಿದ್ಯೆ, ಅನ್ನುತ್ತಿದ್ದರು ಕೆಲಸ ಕಲಿಸಿದ ಮೇಸ್ತ್ರಿ, ಆಗಿನ ಗಾಡಿಗಳು ಎಮ್ಮೆಗಳು, ಹೊಡೆದರೂ ಮೆಲುಕು ಹಾಕುತ್ತಿದ್ದವು, ಈಗಿನವು ಪಕ್ಕದಲ್ಲಿ ಸೀನಿದರೆ ಸಾಯುತ್ತವೆ. ಎಂಜಿನ್ ನಿಲ್ಲಲಿಲ್ಲ, ಅದೇ ಅನ್ಯಾಯ, ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಹಾಯಾಗಿ ಓಡಿತು, ಅಂದರೆ ಆಲ್ಟರ್ನೇಟರ್ ಬದುಕಿತ್ತು, ಚೆನ್ನಾಗಿ ಬದುಕಿತ್ತು, ಮತ್ತೆ ಟರ್ಮಿನಲ್ ಮುಟ್ಟಿಸಿದ, ಚಟ್ ಅಂತ ಒಂದು ಕಿಡಿ, ನೀಲಿ, ಸಾಸಿವೆಯಷ್ಟು, ದೀಪ ಗಟ್ಟಿಯಾಯಿತು, ಬದುಕಿದ್ದದ್ದು ಆ ಕಿಡಿಗೆ ಸತ್ತಿತು.

ಬೆಂಚಿನ ಮೇಲೆ ಹೆರಿಗೆ ನರ್ಸಮ್ಮ, ಕಾರು ಆಕೆಯದು, ಫೋನ್ ಕಿವಿಗಿಟ್ಟುಕೊಂಡು, ಉಸಿರು ಬಿಡಮ್ಮ, ನಿಧಾನ, ಇನ್ನೂ ತಳ್ಳಬೇಡ, ಬಂದೆ ಬಂದೆ, ಅನ್ನುತ್ತಿದ್ದಾಳೆ, ಮುದುಕನೂ ಹೇಳಿದಂತೆ ಉಸಿರು ಬಿಡುತ್ತಿದ್ದಾನೆ, ಊರಿಗೆಲ್ಲ ಅವನು ಕರೆಂಟಜ್ಜ, ಆಕೆ ಫೋನಿನಿಂದ ಬಾಯಿ ತಿರುಗಿಸಿ, ಕರೆಂಟಜ್ಜಾ ಬೇಗ ಆಗುತ್ತಾ, ಗಾಡಿ ಕಾಯುತ್ತೆ, ಮಗು ಕಾಯಲ್ಲ, ಆಯ್ತಮ್ಮಾ ಆಯ್ತು. ಮಗಳು ಬಂದಳು, ಮೀಟರಿನ ಎರಡು ಸೂಜಿ ಬ್ಯಾಟರಿಗೆ ಇಟ್ಟಳು, ಹನ್ನೆರಡು ಚಿಲ್ಲರೆ ವೋಲ್ಟ್, ಹದಿನಾಲ್ಕು ಇರ್ಬೇಕಿತ್ತು, ಅಪ್ಪಾ ಆಲ್ಟರ್ನೇಟರ್ ಹೋಗಿದೆ, ಬೆಳಗ್ಗೆ ನೀವು ಹೇಳಿದ್ದೇ ಸರಿ. ಹೊಗಳಿಕೆ, ವಾರಕ್ಕೊಂದೂ ಸಿಗದ ಸರಕು, ಬರುವುದು ನೋಡು ಯಾವ ಹೊತ್ತಿಗೆ. ಹೋದ ವರ್ಷ ಹಾಡಿನ ಮೇಷ್ಟ್ರ ಕಾರಿನ ಕಂಪ್ಯೂಟರ್ ಸುಟ್ಟಾಗ ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ಕೈ ಒರೆಸಿಕೊಳ್ಳುತ್ತಾ ಹೇಳಿದಳು, ಅಪ್ಪಾ, ಇನ್ನೊಂದ್ಸಲ ಓಡೋ ಗಾಡೀಲಿ ಟರ್ಮಿನಲ್ ಕಿತ್ರೆ ಅವತ್ತಿಂದ ಬಾನೆಟ್ ಮುಟ್ಟೋದು ಬೇಡ, ಕೌಂಟರಲ್ಲಿ ಕೂತ್ಕೊಂಡು ಫೋನ್ ಎತ್ತಿ ಸಾಕು. ಮಾರನೇ ದಿನವೇ ಕೌಂಟರಿನ ಹಿಂದಿನ ಕುರ್ಚಿಗೆ ಒಂದು ದಿಂಬು ಬಂತು, ಹೂವಿನ ಚಿತ್ತಾರದ್ದು, ಮೆತ್ತಗಿನದು, ಅದರ ಮೇಲೆ ಅವನು ಇವತ್ತಿನವರೆಗೆ ಕೂತಿಲ್ಲ, ಬಿಲ್ ಪುಸ್ತಕ ತೆಗೆಯಲು ಹೋದರೂ ನಿಂತೇ ತೆಗೆಯುತ್ತಾನೆ.

ಹೊಸ ಆಲ್ಟರ್ನೇಟರ್ ಡಬ್ಬದಿಂದ ಹೊರಗೆ ಬರುತ್ತಿದೆ, ಮಗಳು ಮೊದಲು ಬ್ಯಾಟರಿ ಬಿಚ್ಚಲು ಕೈ ಹಾಕಿದಳು, ಟರ್ಮಿನಲ್ ಹಿಡಿಯುವ ಕ್ಲ್ಯಾಂಪ್ ಬರಿಗೈಗೇ ಎದ್ದು ಬಂತು, ಇದ್ಯಾಕಪ್ಪಾ ಇಷ್ಟು ಸಡಿಲ, ಬರೋವಾಗ್ಲೇ ಹಾಗಿತ್ತು ಮಗಳೇ, ಸುಳ್ಳು ಎಷ್ಟು ಸಲೀಸಾಗಿ ಬಂತು, ಕ್ಲ್ಯಾಂಪಿಗಿಂತ ಸಲೀಸಾಗಿ. ಬೆಲ್ಟ್ ಸಡಿಲಿಸಿ ತೆಗೆದರು, ಹಿಂದಿನ ಪ್ಲಗ್, ರಬ್ಬರ್ ಟೋಪಿಯ ಕೆಳಗಿನ ದಪ್ಪ ವೈರಿನ ನಟ್ಟು, ಆಮೇಲೆ ಎರಡು ಉದ್ದ ಬೋಲ್ಟು, ಕೆಳಗಿನದು ಯಾವಾಗಲೂ ಹಠಮಾರಿ, ಅದಕ್ಕೆ ಅವನ ಕೈಯೇ ಬೇಕು, ಮಗಳೂ ಒಪ್ಪುತ್ತಾಳೆ, ಅದು ನಿಮಗೇ ಅಪ್ಪಾ, ನಂಗೆ ಬಗ್ಗಲ್ಲ. ಬಗ್ಗಿದಾಗ ಬೆರಳಿಗೆ ಸಿಕ್ಕಿತು ಅದು, ಬ್ಯಾಟರಿ ತಟ್ಟೆಯ ಕೆಳಗೆ ಕಾರಿನ ಮೈಗೆ ಕಚ್ಚಿಸಿದ ಅರ್ತ್ ವೈರು, ತುದಿ ಪೂರ್ತಿ ಕಿಲುಬು, ಹಸಿರು ಪುಡಿ ಉದುರಿತು — ಇದೇ ರೋಗ, ಇಷ್ಟೇ ರೋಗ, ದೀಪ ಮಿಣುಕಿದ್ದಕ್ಕೆ ಇದೇ ಕಾರಣ, ಎರಡು ನಿಮಿಷದ ಕೆಲಸ, ಒಂದು ಚೂರು ಉಪ್ಪುಕಾಗದ. ಸದ್ದಿಲ್ಲದೆ ಉಜ್ಜಿದ, ತಾಮ್ರ ಹೊಳೆಯಿತು, ಬಿಗಿ ಮಾಡಿದ, ಮುಗಿಯಿತು, ಇನ್ನು ಯಾರಿಗೂ ಏನೂ ತಿಳಿಯಬೇಕಿಲ್ಲ, ಹಳೆಯ ಆಲ್ಟರ್ನೇಟರ್ ನೆಲದ ಮೇಲೆ ಬಿದ್ದಿದೆ, ಅದಕ್ಕೆ ಬಾಯಿಲ್ಲ, ಒಳಗೆಲ್ಲೋ ಸಾಸಿವೆಯಷ್ಟು ಸುಟ್ಟಿದೆ, ನೀಲಿ.

ಹೊಸದು ಕೂತಿತು, ಬೆಲ್ಟ್ ಏರಿತು, ಹೆಬ್ಬೆರಳಿನಿಂದ ಒತ್ತಿ ನೋಡಿದ, ಸರಿಯಾದ ಬಿಗಿ, ಉಳಿದದ್ದು ಬ್ಯಾಟರಿಯ ಟರ್ಮಿನಲ್ ಒಂದೇ, ಮಗಳು ಹಲಗೆಯ ಮುಂದೆ ನಿಂತಿದ್ದಾಳೆ, ಪ್ರತಿ ಸ್ಪ್ಯಾನರಿಗೂ ಒಂದು ಮೊಳೆ, ಮೊಳೆಯ ಕೆಳಗೆ ಬಿಳಿ ಬಣ್ಣದಲ್ಲಿ ಅದರ ಆಕಾರ, ಬರೆದದ್ದು ಅವಳೇ, ಎಂಟು ಇದೆ, ಹನ್ನೆರಡು ಇದೆ, ನಡುವೆ ಖಾಲಿ ಬಿಳಿ ಗೆರೆ. ಹತ್ತರದ್ದು ಎಲ್ಲಿ ಹೋಯ್ತು, ಬೆಳಗ್ಗೆ ನಾನೇ ನೇತು ಹಾಕಿದ್ದೆ, ಅಪ್ಪಾ ನೀವು ನೋಡಿದ್ರಾ, ಬಗ್ಗಿ ನೆಲ ನೋಡಿದಳು, ಸರಿ, ರಸ್ತೆ ಕೊನೆಯ ಪಂಕ್ಚರ್ ಅಂಗಡಿಯಿಂದ ತರ್ತೀನಿ, ಹತ್ತು ನಿಮಿಷ. ಹೋಗಲಿ, ಅವಳು ಆ ಕಡೆ ತಿರುಗಿದರೆ ಮೊಳೆಗೆ ಹಾಕಿ, ಇಲ್ಲೇ ಇತ್ತಲ್ಲೇ, ಕಣ್ಣು ಕಾಣಲ್ವಾ ನಿನಗೆ, ಅಂದರಾಯಿತು, ಹತ್ತು ನಿಮಿಷ ತಾನೇ — ಬಂದೆ ಅಂದೆನಲ್ಲಮ್ಮ, ತಲೆ ಕಾಣ್ತಿದೆಯಾ, ನರ್ಸಮ್ಮ ಬೆಂಚಿನಿಂದ ಎದ್ದು ನಿಂತಿದ್ದಾಳೆ, ಉಸಿರು ಬಿಡು, ಉಸಿರು ಬಿಡು. ಮುದುಕ ಉಸಿರು ಬಿಟ್ಟ. ಸ್ಪ್ಯಾನರ್ ಜೇಬಿನಿಂದ ಹೊರಗೆ ಬಂದಾಗ ಮೈಯಷ್ಟೇ ಬೆಚ್ಚಗಿತ್ತು. ನಾನೇ ಕಿತ್ತೆ, ಎಂಜಿನ್ ಓಡ್ತಿತ್ತು, ಹಳೇದು ಚೆನ್ನಾಗೇ ಇತ್ತು, ಅರ್ತ್ ವೈರ್ ಕಿಲುಬು ಹಿಡಿದಿತ್ತು ಅಷ್ಟೇ, ಉಜ್ಜಿದ್ದೀನಿ.

ಮಗಳು ಅವನ ಮುಖ ನೋಡಲಿಲ್ಲ, ಸ್ಪ್ಯಾನರ್ ತೆಗೆದುಕೊಂಡು ಟರ್ಮಿನಲ್ ಬಿಗಿ ಮಾಡಿದಳು, ಎಂಜಿನ್ ಶುರುವಾಯಿತು, ದೀಪ ಆರಿತು, ಹದಿನಾಲ್ಕು, ಹೊರಡಿ ನರ್ಸಮ್ಮ, ತಪ್ಪು ನಮ್ಮದು, ಮಾತು ಆಮೇಲೆ, ಕಾರು ತಿರುವಿನಲ್ಲಿ ಮರೆಯಾಯಿತು. ಸ್ಪ್ಯಾನರ್ ಮೊಳೆಗೆ ಹೋಗಲಿಲ್ಲ, ಅವಳ ಜೇಬಿಗೆ ಹೋಯಿತು. ಕೌಂಟರಿನಲ್ಲಿ ಫೋನ್ ಬಡಿದುಕೊಳ್ಳುತ್ತಿದೆ, ಅವಳು ಎತ್ತುತ್ತಿಲ್ಲ, ಅವನು ನಡೆದ, ಕೂತ, ದಿಂಬು ನಿಜಕ್ಕೂ ಮೆತ್ತಗಿದೆ, ಹಲೋ, ಗ್ಯಾರೇಜು, ಹೇಳಿ, ಆ ಕಡೆಯವರು ಏನೋ ಹೇಳುತ್ತಿದ್ದಾರೆ, ದೀಪ ಮಿಣುಕುತ್ತೆ ಅಂತಲೋ, ಏನೋ, ಅವನಿಗೆ ಕಾಣುತ್ತಿರುವುದು ಒಂದೇ, ಸಾಸಿವೆಯಷ್ಟು, ನೀಲಿ, ಚಟ್ ಅಂತ, ನೀಲಿ