ಹೀಟರಿನ ಗೆರೆಗಳು

ಕೂಸನ್ನು ಮೀಯಿಸಲೆಂದು ತೆಂಗಿನೆಣ್ಣೆ ಕಾಯಿಸಿ, ಬಾಟಲಿಗೆ ತುಂಬಿಸಿಕೊಂಡು ಶಿರ್ವದಿಂದ ದೋಹಾಕ್ಕೆ ಬಂದವಳು ನಾನು, ಸೆಲೆಸ್ಟಿನ್. ಬಂದು ನೋಡಿದರೆ ಎಂತದು? ಮಗಳು ಡಿಂಪಲ್‌ಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮೊಮ್ಮಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ. ಹೊರಗೆ ಚಪ್ಪಲಿ ಅಂಟುವಷ್ಟು ಬಿಸಿಲು, ಒಳಗೆ ನಮ್ಮ ಕೂಸಿಗೆ ಕರೆಂಟಿನ ಬಿಸಿ! ನನಗೆ ಸಿಟ್ಟೇ ಬಂತು.

"ಕೋಳಿಮರಿ ಸಾಕುವ ಹಾಗೆ ಇಟ್ಟಿದ್ದೀರಲ್ಲ ಮಾರಾಯ್ತಿ, ನನ್ನ ಕೈಗೆ ಕೊಡಿ" ಎಂದು ನರ್ಸ್ ಆಶ್ಲಿಯ ಹತ್ತಿರ ಜಗಳಕ್ಕೇ ನಿಂತೆ. ಕಾರ್ಕಳದ ಹುಡುಗಿ. ನಕ್ಕು, ಪೆಟ್ಟಿಗೆಯ ಮೇಲಿನ ಹಸಿರು ಗೆರೆಗಳನ್ನು ತೋರಿಸಿದಳು.

"ಇದು ಹೀಟರಿನ ಪವರ್, ಆಂಟಿ. ಹೊಟ್ಟೆಗೆ ಅಂಟಿಸಿದ ವಯರ್ ಉಂಟಲ್ಲ, ಅದು ಮೈಬಿಸಿ ಹೇಳ್ತದೆ. ಮೈ ತಣ್ಣಗಾದ್ರೆ ಗೆರೆ ಜಾಸ್ತಿ, ಬಿಸಿ ಸಾಕಾದ್ರೆ ಕಮ್ಮಿ. ಎಲ್ಲ ಮಿಷನ್ನೇ ಮಾಡ್ತದೆ. ಅವಳಿಗೆ ಅವಳದ್ದೇ ಬಿಸಿ ಸಾಕಾದ ದಿನ ನಿಮ್ಮ ಕೈಗೆ, ಆಯ್ತಾ?"

ಆಮೇಲೆ ಜಪಸರ ಹಿಡಿದು ಕೂತರೂ ಕಣ್ಣು ಗೆರೆಗಳ ಮೇಲೆಯೇ. ಒಂದು ಇಳಿದರೆ ಆ ದಿನ ಊಟ ಸೇರುತ್ತಿತ್ತು, ಏರಿದರೆ ಇಲ್ಲ. ಅಷ್ಟು ಬಿಟ್ಟರೆ ನನಗೆ ಕೆಲಸವಿರಲಿಲ್ಲ. ನಾಲ್ಕು ಮಕ್ಕಳನ್ನು ಮೀಯಿಸಿ ಬೆಳೆಸಿದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಎಂಥ ಸಂಕಟ ಅದು!

ಇಲ್ಲಿ ರಜೆ ಶುಕ್ರವಾರ. ಅಂದು ಇಗರ್ಜಿಯಲ್ಲಿ ಪೂಜೆ ಮುಗಿಸಿ ಆಸ್ಪತ್ರೆಗೆ ಹೋದಾಗ ಪೆಟ್ಟಿಗೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

"ಖಲಾಸ್! ನನ್ನ ಪುಟ್ಟಿಗೆ ಹೀಟರ್ ಬೇಡವಂತೆ!" ಎಂದು ಕೂಗಿಯೇ ಬಿಟ್ಟೆ. ಡಿಂಪಲ್ ಅತ್ತಳು, ನಕ್ಕಳು. ಅಳಿಯ ಫ್ಲಾಯ್ಡನನ್ನು "ಯಲ್ಲಾ, ಹೋಗು, ಮೀಯಿಸಲು ಟಬ್ಬು ತಾ" ಎಂದು ಅಂಗಡಿಗೆ ಓಡಿಸಿದೆ.

ಅಷ್ಟರಲ್ಲಿ ಪೆಟ್ಟಿಗೆ ಕಿರುಚಿತು. ಆಶ್ಲಿ ಓಡಿ ಬಂದು ಕೂಸನ್ನು ಮುಟ್ಟಿ ನೋಡಿದಳು. ಅವಳ ಮುಖ ಬಾಡಿತು.

"ಆಂಟಿ, ಸ್ವಲ್ಪ ಹೊರಗೆ ನಿಲ್ಲಿ."

"ಯಾಕೆ? ಹೀಟರೇ ನಿಂತಿದೆಯಲ್ಲ?"

"ನಿಂತರೂ ಮೈಬಿಸಿ ಏರ್ತಾ ಉಂಟು. ಜ್ವರ, ಆಂಟಿ. ಇನ್‌ಫೆಕ್ಷನ್ ಇರ್ಬಹುದು."

ಡಾಕ್ಟರು ಬಂದರು. ನಮ್ಮನ್ನು ಗಾಜಿನ ಬಾಗಿಲಾಚೆ ನಿಲ್ಲಿಸಿದರು. ಡಿಂಪಲ್ ನನ್ನ ಮುಖ ನೋಡುತ್ತಿದ್ದಳು, ಅಮ್ಮನಿಗೆ ಏನಾದರೂ ಗೊತ್ತಿದ್ದೀತು ಎಂದು. ನನಗೇನು ಗೊತ್ತಿತ್ತು, ಮಣ್ಣು!

ಫ್ಲಾಯ್ಡ್ ಗುಲಾಬಿ ಬಣ್ಣದ ಟಬ್ಬು ಹಿಡಿದು ನಗುತ್ತಾ ಬಂದ. "ಮಾಮಿ, ಇದೇ ಸೈಜ್ ಸಾಕಲ್ಲ?" ಎಂದ.

ಗೆರೆ ಇಳಿಸು ದೇವರೇ ಎಂದು ಇಷ್ಟು ದಿನ ಬೇಡಿದ್ದವಳು, ಗಾಜಿಗೆ ಹಣೆ ಒತ್ತಿ ನಿಂತು, ಒಂದೇ ಒಂದು ಗೆರೆ ಹತ್ತಿಸು ಎಂದು ಬೇಡುತ್ತಿದ್ದೆ.